ತಕರಾರಿದೆ

ಇಸ್ತ್ರಿಪೆಟ್ಟಿಗೆ ಹಿಡಿದ ಅಷ್ಟು ವರ್ಷದಲ್ಲಿ ಅಕ್ಕ ಯಾರ ಬಟ್ಟೆಯನ್ನೂ ಸುಟ್ಟವಳಲ್ಲ. ತನ್ನ ಮೊಣಕೈ ಸುಟ್ಟುಕೊಂಡಿದ್ದಳು. ಹೊಟ್ಟೆ ಸುಟ್ಟುಕೊಂಡಿದ್ದಳು. ಕೆಂಡ ಊದಲು ಬಗ್ಗಿದಾಗ ಒಮ್ಮೆ ಹುಬ್ಬು ಹತ್ತಿಕೊಂಡು, ಕೆಲವು ದಿನ ಒಂದೇ ಹುಬ್ಬಿನಲ್ಲಿ ಸಂಸಾರ ನಡೆಸಿದ್ದಳು. ಬಟ್ಟೆ ಮಾತ್ರ ಸುಟ್ಟಿರಲಿಲ್ಲ. ಅಂಥವಳು ಆವತ್ತು ಸುಟ್ಟದ್ದು ಅಂತಿಂಥ ಬಟ್ಟೆಯನ್ನಲ್ಲ. ದೊಡ್ಡ ವಕೀಲರ ಕರಿಗೌನನ್ನು. ಅದೂ ಬೆನ್ನಿನ ನಟ್ಟನಡುವೆ.

ತಪ್ಪು ಅವಳದಲ್ಲ, ಟಿವಿಯದು.

ಕೋರ್ಟಿನ ಹಿಂಗೋಡೆಗೆ ಆನಿಸಿ ಕಟ್ಟಿದ ತಗಡಿನ ಗೂಡು ಅವರದು. ಅಮ್ಮ ಒಗೆದು ಗಂಜಿ ಹಾಕುತ್ತಾಳೆ, ಅಕ್ಕ ಇಸ್ತ್ರಿ ಮಾಡುತ್ತಾಳೆ. ಎದುರಿಗೇ ಕ್ಷೌರದಂಗಡಿ. ಅಲ್ಲಿನ ಟಿವಿಗೆ ಕಿವಿ ಕೇಳುವುದಿಲ್ಲವೇನೋ ಎಂಬಂತೆ ಅದು ಬೆಳಗಿನಿಂದ ಕೂಗುತ್ತಿರುತ್ತದೆ. ಆವತ್ತು ಅಕ್ಕ ಗೌನನ್ನು ಹಲಗೆಯ ಮೇಲೆ ಹಾಸಿ, ಬೆನ್ನಿಗೆ ನೀರು ಚಿಮುಕಿಸಿ, ಪೆಟ್ಟಿಗೆ ಇಟ್ಟಳು. ಅದೇ ಹೊತ್ತಿಗೆ ಗೌನಿನ ಒಡೆಯರು ಟಿವಿಯೊಳಗೆ ಬಂದು ಗಂಟಲು ಸರಿಮಾಡಿಕೊಂಡರು.

"ವೈಯಕ್ತಿಕ ಕಾರಣಗಳಿಂದ, ಹಾಗೂ ನನ್ನ ಆತ್ಮಸಾಕ್ಷಿಯ ಕರೆಗೆ ಓಗೊಟ್ಟು, ಬಸ್ಸಿನ ಯಜಮಾನರ ಕೊಲೆ ಮೊಕದ್ದಮೆಯಲ್ಲಿ ಆರೋಪಿಯ ಪರ ವಾದಿಸುವುದರಿಂದ ನಾನು ಹಿಂದೆ ಸರಿಯುತ್ತಿದ್ದೇನೆ."

ಆರೋಪಿ ಎಂದರೆ ಅಕ್ಕನ ತಮ್ಮ.

ಕ್ಷೌರದವನು ಅರ್ಧ ಬೋಳಿಸಿದ ಗಿರಾಕಿಯನ್ನು ಅಲ್ಲೇ ಬಿಟ್ಟು ಬಾಗಿಲಿಗೆ ಬಂದ. "ಅಕ್ಕಾ! ನಿಮ್ಮ ವಕೀಲ್ರು ಓಡಿಹೋದ್ರು!"

ಅಕ್ಕ ಟಿವಿ ನೋಡುತ್ತ ನಿಂತಳು. ಕೈ ಪೆಟ್ಟಿಗೆಯ ಮೇಲೇ ಇತ್ತು. ಅಮ್ಮ ಬಾನಿಯಿಂದ ಮುಖ ಎತ್ತಿ ಮೂಗು ಅರಳಿಸಿದಳು.

"ಏನೇ ಅದು ಕಮಟು? ಯಾರ ಮನೇಲಿ ಏನು ಸುಡ್ತಿದೆ?"

"ವಕೀಲರ ಬೆನ್ನು," ಅಂದಳು ಅಕ್ಕ.

ಪೆಟ್ಟಿಗೆ ಎತ್ತಿದಾಗ ಗೌನಿನಲ್ಲಿ ಇಸ್ತ್ರಿಪೆಟ್ಟಿಗೆಯ ಆಕಾರದ ತೂತು. ಅಂಚು ಅಷ್ಟು ನೀಟಾಗಿತ್ತು ಎಂದರೆ, ಕತ್ತರಿಯಲ್ಲಿ ಕತ್ತರಿಸಿದ್ದರೂ ಹಾಗೆ ಬರುತ್ತಿರಲಿಲ್ಲ.

ತಮ್ಮನನ್ನು ಎಲ್ಲರೂ ಕಪ್ಪೆ ಎನ್ನುತ್ತಿದ್ದರು. ನೀರಿನ ತೊಟ್ಟಿ ತೊಳೆಯುವುದು ಅವನ ಕೆಲಸ. ತಾರಸಿಯ ಮೇಲಿನ ತೊಟ್ಟಿಗಳ ಬಾಯಿ ದೊಡ್ಡದಿರುವುದಿಲ್ಲ. ಮೊದಲು ಒಂದು ಕೈ, ಆಮೇಲೆ ತಲೆ, ಆಮೇಲೆ ಉಸಿರು ಬಿಟ್ಟು ಭುಜ. ಇಳಿದರೆ ಕತ್ತಲು, ಪಾಚಿ, ಸತ್ತ ಪಾರಿವಾಳ. ಬ್ಲೀಚಿಂಗ್ ಪುಡಿ ಹಾಕಿ ಉಜ್ಜಬೇಕು. ಕಣ್ಣು ಉರಿಯುತ್ತದೆ, ಅಂಗೈ ಸುಲಿದು ಬೆಳ್ಳಗಾಗುತ್ತದೆ, ಕೆಮ್ಮಿದರೆ ಕೆಮ್ಮು ನಾಲ್ಕು ಕಡೆಯಿಂದ ತಿರುಗಿ ಬಂದು ಮುಖಕ್ಕೆ ಹೊಡೆಯುತ್ತದೆ. ತೊಳೆದದ್ದು ಮನೆಯವರಿಗೆ ಗೊತ್ತಾಗುವುದೇ ಇಲ್ಲ. ತೊಳೆಯದಿದ್ದರೆ ಮಾತ್ರ ಗೊತ್ತಾಗುತ್ತದೆ.

ಈ ಕೆಲಸದವರಿಗೆ ಮನೆಗಳ ಮುಖದ ಪರಿಚಯವಿಲ್ಲ. ಬೆನ್ನಿನ ಪರಿಚಯ. ದೊಡ್ಡವರ ಬೀದಿಯಲ್ಲಿ ಬಕೆಟ್ಟು ಹಿಡಿದು ನಡೆದರೆ ಕಾವಲಿನವನು ಸೀಟಿ ಊದುತ್ತಾನೆ. ಹಿಂದಿನ ಓಣಿಯಿಂದ ಬರಬೇಕು, ಹಿಂದಿನ ಗೇಟು ತಳ್ಳಬೇಕು, ಗೋಡೆಯ ಕಬ್ಬಿಣದ ಏಣಿ ಹತ್ತಬೇಕು, ಕೆಲಸ ಮುಗಿಸಿ ಹಾಗೇ ಇಳಿಯಬೇಕು. ಮೇಸ್ತ್ರಿ ಫೋನಿನಲ್ಲಿ "ಆ ಓಣಿ, ಹಸಿರು ಗೇಟು" ಎಂದರೆ ಮುಗಿಯಿತು, ಅದೇ ವಿಳಾಸ. ಆ ಓಣಿಯಲ್ಲಿ ಹಸಿರಲ್ಲದ ಗೇಟೇ ಇರಲಿಲ್ಲ ಎಂಬುದು ಬೇರೆ ಮಾತು.

ಬಸ್ಸಿನ ಯಜಮಾನರು ಎಂದರೆ ಊರಿನ ಅರ್ಧ ಬಸ್ಸುಗಳ ಒಡೆಯರು. ಅವರ ತಲೆಗೆ ಯಾರೋ ಹೊಡೆದು ಹಿತ್ತಲಲ್ಲಿ ಕೆಡವಿದ ದಿನ, ಅದೇ ಓಣಿಯಿಂದ ಕಪ್ಪೆ ಹೊರಗೆ ಬರುತ್ತಿದ್ದ. ಮೈಯೆಲ್ಲ ಒದ್ದೆ. ರಕ್ತ ತೊಳೆದುಕೊಂಡಿದ್ದಾನೆ ಎಂದರು ಪೊಲೀಸರು. ಒಣಗಿದ್ದರೆ ಬಟ್ಟೆ ಬದಲಾಯಿಸಿದ್ದಾನೆ ಎನ್ನುತ್ತಿದ್ದರು. ಯಜಮಾನರ ಮನೆಗೆ ತೊಟ್ಟಿ ತೊಳೆಯಲು ಕಳಿಸಿದ್ದು ಹೌದು ಎಂದ ಮೇಸ್ತ್ರಿ. ಹೋಗಿದ್ದೆ, ತೊಳೆದೆ ಎಂದ ಕಪ್ಪೆ. ಯಜಮಾನರು ಮನೆಯಲ್ಲಿದ್ದರೇ ಎಂದು ಪೊಲೀಸರು ಕೇಳಿದರು. ಇದ್ದರು, ಕೂಗಾಡುತ್ತಿದ್ದರು, ಬೈಯುತ್ತಿದ್ದರು ಎಂದ. ಅಷ್ಟು ಸಾಕಾಯಿತು. ಜಗಳ ಆಯಿತು, ಹೊಡೆದ ಎಂದು ಉಳಿದದ್ದನ್ನು ಪೊಲೀಸರೇ ಬರೆದುಕೊಂಡರು. ಬರೆದುಕೊಳ್ಳುವಾಗ ಒಂದು ಕೈ ಬಿಡುವಿತ್ತಲ್ಲ, ಅದರಲ್ಲಿ ಅವನ ಎಡಗಿವಿಗೆ ಹೊಡೆದರು. ಆಮೇಲೆ ಆ ಕಿವಿ ಕೇಳಲಿಲ್ಲ.

ಪತ್ರಿಕೆಗಳು 'ಕೊಲೆಗಾರ ಕಪ್ಪೆ' ಎಂದು ಬರೆದವು. ಟಿವಿಯಲ್ಲಿ ಒಬ್ಬ ತಜ್ಞರು ಕೂತು, ಇಂಥ ಅಡ್ಡಹೆಸರಿನವರು ಹೊಂಚು ಹಾಕಿ ನೆಗೆಯುವ ಸ್ವಭಾವದವರು ಎಂದು ವಿವರಿಸಿದರು. ಅಮ್ಮ ಅದನ್ನು ಕ್ಷೌರದಂಗಡಿಯ ಬಾಗಿಲಲ್ಲಿ ನಿಂತು ನೋಡಿ, "ನಮ್ಮ ಪಕ್ಕದ ಗೂಡಿನವನನ್ನ ಎಲ್ರೂ ಆನೆ ಅಂತಾರೆ. ಅವನ ಕೈಲಿ ಮರ ಎತ್ತಿಸಿ ನೋಡೋಣ," ಅಂದಳು.

ಆಗ ದೊಡ್ಡ ವಕೀಲರು ತಾವಾಗಿಯೇ ಬಂದರು. ತಗಡಿನ ಗೂಡಿಗೆ! ಹಿಂದೆ ಕ್ಯಾಮರಾದವರ ದಂಡು. ಕೊಲೆಯಾದ ಮನೆಯ ಪಕ್ಕದ ಮನೆಯೇ ಅವರದು. ನೆರೆಯವರು ಸತ್ತರೂ ಬಡವನ ಪರ ನಿಂತ ಧೀರ ಎಂದು ಮರುದಿನ ಪತ್ರಿಕೆಯಲ್ಲಿ ಬಂತು. ಅಮ್ಮ ಅವರ ಕಾಲು ಹಿಡಿದು ಅತ್ತಳು. ವಕೀಲರು ಕ್ಯಾಮರಾದವನ ಮುಖ ನೋಡಿ, "ಇನ್ನೊಂದ್ಸಲ ಅಳಮ್ಮ, ಬೆಳಕು ಸರಿಯಿರ್ಲಿಲ್ವಂತೆ," ಎಂದರು. ಅಮ್ಮ ಎದ್ದು, ಎಡಕ್ಕೆ ತಿರುಗಿ, ಮತ್ತೆ ಕಾಲು ಹಿಡಿದು ಅತ್ತಳು. ಮಗನಿಗಾಗಿ ಎಷ್ಟು ಸಲವಾದರೂ ಅಳಬಹುದು. ಆದರೆ ಎರಡನೆಯ ಸಲ ಅಳುವಾಗ ಅವಳ ಕುತ್ತಿಗೆಯ ನರ ಬಿಗಿದದ್ದನ್ನು ಅಕ್ಕ ನೋಡಿದ್ದಳು.

ಆಮೇಲೆ ವಕೀಲರು ಒಮ್ಮೆಯೂ ಜೈಲಿಗೆ ಹೋಗಿ ಕಪ್ಪೆಯನ್ನು ಕಾಣಲಿಲ್ಲ. ಜೈಲಿನೊಳಗೆ ಕ್ಯಾಮರಾ ಬಿಡುವುದಿಲ್ಲ. ಕೋರ್ಟಿನೊಳಗೆ ಹೋಗಿ ಮುಂದಿನ ತಾರೀಕು ಕೇಳುವುದಕ್ಕೆ ತಮ್ಮ ಕೈಕೆಳಗಿನ ವಕೀಲರನ್ನು ಕಳಿಸುತ್ತಿದ್ದರು. ತಾವು ಹೊರಗೆ, ಮೆಟ್ಟಿಲ ಮೇಲೆ ವಾದ ಮಾಡುತ್ತಿದ್ದರು.

ಗೌನು ಸುಟ್ಟ ಮರುದಿನ ಅಕ್ಕ, ಅಮ್ಮ ಇಬ್ಬರೂ ಗೌನಿನ ಗಂಟು ಹಿಡಿದು ವಕೀಲರ ಆಫೀಸಿಗೆ ಹೋದರು. ಕೇಳುವುದೊಂದು, ಒಪ್ಪಿಕೊಳ್ಳುವುದೊಂದು. ಎರಡರಲ್ಲಿ ಯಾವುದು ಮೊದಲು ಎಂದು ದಾರಿಯುದ್ದಕ್ಕೂ ಜಗಳವಾಡಿದರು.

"ಮೊದ್ಲು ಗೌನು ಸುಟ್ಟಿದ್ದು ಹೇಳ್ಬಿಡೇ. ಬೈದು ಸುಸ್ತಾಗ್ತಾರೆ. ಆಮೇಲೆ ಕೇಸಿನ ಮಾತು ಮೆತ್ತಗೆ ಕೇಳ್ಬಹುದು."

"ಬೈಯೋದ್ರಲ್ಲಿ ಯಾವ ವಕೀಲ ಸುಸ್ತಾಗಿದ್ದಾನಮ್ಮ?"

ಆಫೀಸಿನಲ್ಲಿ ಒಂದು ಗೋಡೆ ತುಂಬ ಪುಸ್ತಕ, ಇನ್ನೊಂದು ಗೋಡೆ ತುಂಬ ವಕೀಲರೇ. ಸನ್ಮಾನದ ಶಾಲು ಹೊದ್ದ ವಕೀಲರು, ಮೈಕಿನ ಮುಂದಿನ ವಕೀಲರು, ಅಮ್ಮನ ತಲೆಯ ಮೇಲೆ ಕೈಯಿಟ್ಟ ವಕೀಲರು. ಅಮ್ಮ ತನ್ನ ಫೋಟೋ ನೋಡಿ, "ಎರಡನೇ ಸಲದ್ದು," ಎಂದು ಅಕ್ಕನ ಕಿವಿಯಲ್ಲಿ ಹೇಳಿದಳು. ನೆಲದ ಮೇಲೆ ಹೊಸ ಫೈಲುಗಳ ರಾಶಿ. ಪ್ರತಿಯೊಂದರ ಮೇಲೂ ಒಂದು ಪುಟ್ಟ ನೀಲಿ ಬಸ್ಸಿನ ಚಿತ್ರ. ಸತ್ತ ಯಜಮಾನರ ಕಂಪನಿಯದು. ಈಗ ಅದನ್ನು ನಡೆಸುವವನು ಅವರ ಮಗ. ಅಕ್ಕ ಫೈಲು ನೋಡಿದಳು, ವಕೀಲರ ಮುಖ ನೋಡಿದಳು. ಆತ್ಮಸಾಕ್ಷಿ ಯಾವ ಬಸ್ಸು ಹತ್ತಿ ಬಂತು ಎಂದು ಗೊತ್ತಾಯಿತು.

"ಬನ್ನಿ ಬನ್ನಿ, ಕೂತ್ಕೊ..." ಎನ್ನುತ್ತ ವಕೀಲರು ತೊಗಲಿನ ಕುರ್ಚಿ ನೋಡಿದರು, ಅಮ್ಮನ ಒದ್ದೆ ಸೆರಗು ನೋಡಿದರು. "ಬೇಡ, ನಿಂತ್ಕೊಳ್ಳಿ. ಬೇಗ ಮುಗಿಯತ್ತೆ."

"ಯಾಕ್ ಬಿಟ್ರಿ ಸಾರ್?" ಅಮ್ಮ ಯಾವುದನ್ನು ಮೊದಲು ಕೇಳಬಾರದು ಎಂದಿದ್ದಳೋ ಅದನ್ನೇ ಮೊದಲು ಕೇಳಿಬಿಟ್ಟಳು.

"ಹೇಳಿದ್ನಲ್ಲಮ್ಮ ಟಿವೀಲಿ. ಆತ್ಮಸಾಕ್ಷಿ."

"ಅದು ಇಷ್ಟ್ ದಿನ ಊರಲ್ಲಿರ್ಲಿಲ್ವಾ ಸಾರ್?"

ವಕೀಲರು ನಕ್ಕರು. ಒಂದು ಹಾಳೆ ಮುಂದಿಟ್ಟರು. "ನೋಡು, ವಕೀಲರು ಬಿಟ್ಟುಹೋಗೋದಕ್ಕೆ ನಮ್ಮ ತಕರಾರಿಲ್ಲ ಅಂತ ಇದರಲ್ಲಿದೆ. ನಿನ್ನ ಮಗ ರುಜು ಹಾಕ್ಬೇಕು. ನಮ್ಮ ಗುಮಾಸ್ತ ಜೈಲಿಗೆ ಹೋಗಿದ್ದ. ನಿನ್ನ ಮಗ ಅಕ್ಕ ಹಾಕಿದ್ರೆ ಹಾಕ್ತೀನಿ ಅಂತ ಕೂತಿದಾನಂತೆ. ನೀವಿಬ್ರೂ ಹಾಕ್ಬಿಡಿ, ಅವನೂ ಹಾಕ್ತಾನೆ. ಇಲ್ದಿದ್ರೆ ಜಡ್ಜಮ್ಮ ನನ್ನನ್ನೇ ಖುದ್ದಾಗಿ ಬಂದು ಕಾರಣ ಹೇಳಿ ಅಂತಾರೆ. ನಂಗೆ ಅಷ್ಟು ಪುರುಸೊತ್ತಿಲ್ಲ."

"ನೀವು ಬಿಟ್ರೆ ಅವನಿಗ್ಯಾರು ಸಾರ್?" ಅಂದಳು ಅಕ್ಕ.

"ಯಾರಾದ್ರೂ ಬರ್ತಾರೆ."

"ಯಾರು?"

"ಅದು ನನ್ನ ಕೆಲಸ ಅಲ್ಲ." ವಕೀಲರು ಗಂಟು ನೋಡಿದರು. "ಗೌನು ತಂದ್ಯಾ? ಇಡು."

ಅಕ್ಕ ಗಂಟು ಬಿಚ್ಚಿದಳು. ವಕೀಲರು ಗೌನು ಎತ್ತಿ ಕೊಡವಿದರು. ಇಸ್ತ್ರಿಪೆಟ್ಟಿಗೆ ಆಕಾರದ ಕಿಟಕಿಯಿಂದ ಅವರ ಮುಖ ಕಾಣಿಸಿತು. ಒಂದು ಗಳಿಗೆ ಆ ಮುಖಕ್ಕೆ ಏನೂ ಅರ್ಥವಾಗಲಿಲ್ಲ. ಬೆರಳು ತೂರಿಸಿ ನೋಡಿದರು. ಬೆರಳು ಆಚೆ ಬಂತು.

"ಇದು ನಮ್ಮಪ್ಪನ ಗೌನು!" ಎಂದರು. "ಇದನ್ನ ಹಾಕ್ಕೊಂಡು ನಮ್ಮಪ್ಪ ಒಂದು ಕೇಸೂ ಸೋಲ್ಲಿಲ್ಲ!" ಧ್ವನಿ ಒಡೆಯಿತು. ಕಣ್ಣಲ್ಲಿ ನಿಜವಾದ ನೀರು ಬಂತು. ಗೌನನ್ನು ಎದೆಗೊತ್ತಿಕೊಂಡು ದೊಡ್ಡ ವಕೀಲರು ಅತ್ತೇಬಿಟ್ಟರು.

ಅಮ್ಮನಿಗೆ ಈ ವಿಷಯದಲ್ಲಿ ಅನುಭವವಿತ್ತು. "ಸಾರ್," ಎಂದಳು ನಿಜವಾದ ಕನಿಕರದಿಂದ, "ಸ್ವಲ್ಪ ಎಡಕ್ಕೆ ತಿರುಗಿ. ಬೆಳಕು ಬರತ್ತೆ."

ಬಾಗಿಲ ಬಳಿ ನಿಂತಿದ್ದ ಗುಮಾಸ್ತ ಕೆಮ್ಮಿದ ಹಾಗೆ ಮಾಡಿ ಹೊರಗೆ ಹೋದ.

"ಒಂದು ಬಟ್ಟೆ!" ವಕೀಲರು ಕೂಗಿದರು. "ಒಂದು ಬಟ್ಟೆ ನೋಡ್ಕೊಳ್ಳೋ ಯೋಗ್ಯತೆ ಇಲ್ಲ ನಿಮಗೆ! ನಂಬಿ ಕೊಟ್ಟಿದ್ದೆ! ನಂಬಿ!"

ಅಕ್ಕನಿಗೆ ಆವರೆಗೂ ಭಯವಿತ್ತು. ತಪ್ಪು ಮಾಡಿದ್ದೇನೆ, ಬೈಯಲಿ ಎಂದು ತಲೆ ತಗ್ಗಿಸಿದ್ದಳು. 'ನಂಬಿ' ಎಂಬುದನ್ನು ಎರಡನೆಯ ಸಲ ಕೇಳಿದಾಗ ತಲೆ ತಾನಾಗಿ ಎದ್ದಿತು.

"ನಾವೂ ನಂಬಿ ಕೊಟ್ಟಿದ್ವಿ ಸಾರ್," ಅಂದಳು. "ನಾವು ಕೊಟ್ಟಿದ್ದು ಬಟ್ಟೆ ಅಲ್ಲ."

ವಕೀಲರು ಅಳು ನಿಲ್ಲಿಸಿದರು.

"ಗೌನು ಸುಟ್ಟಿದ್ದು ನಾನು. ಅದಕ್ಕೆ ತೇಪೆ ಹಾಕಿ ಕೊಡ್ತೀನಿ. ಅಂಚು ಕಾಣ್ದಂಗೆ ಹಾಕ್ತೀನಿ. ಆದ್ರೆ ಈ ಹಾಳೆಗೆ ರುಜು ಹಾಕಲ್ಲ."

"ಹಾಕಲ್ಲ ಅಂದ್ರೆ?"

"ತಕರಾರಿಲ್ಲ ಅಂತ ಬರ್ದಿದೀರಲ್ಲ. ಇದೆ."

"ಏನಿದೆ?"

"ತಕರಾರು."

"ಏಯ್, ನಾಳೆಯಿಂದ ಈ ಕೋರ್ಟಿನ ಒಂದು ಕರ್ಚೀಫೂ ನಿನ್ನ ಗೂಡಿಗೆ ಬರಲ್ಲ, ಗೊತ್ತಾ? ಒಬ್ಬ ವಕೀಲನೂ ನಿನ್ನ ತಮ್ಮನ ಹತ್ರ ಸುಳಿಯಲ್ಲ!"

"ನೀವಿದ್ದಾಗ್ಲೂ ಯಾರೂ ಸುಳೀಲಿಲ್ವಲ್ಲ ಸಾರ್." ಅಕ್ಕ ಅಮ್ಮನ ಕೈ ಹಿಡಿದಳು. "ನಡಿಯಮ್ಮ."

ಅಮ್ಮ ಬಾಗಿಲ ತನಕ ಹೋಗಿ ತಿರುಗಿದಳು. ಗೋಡೆಯ ಮೇಲಿನ ತನ್ನ ಫೋಟೋ ತೋರಿಸಿ, "ಅದನ್ನ ಇಳಿಸ್ಬಿಡಿ ಸಾರ್. ಆ ಅಳು ವಾಪಸ್ ತಗೊಂಡಿದೀನಿ," ಅಂದಳು.

ಬೀದಿಗೆ ಬಂದ ಮೇಲೆ ಅಮ್ಮ ಒಂದು ಅಂಗಡಿಯ ಕಟ್ಟೆಯ ಮೇಲೆ ಕುಕ್ಕರಿಸಿ, "ಏನ್ ಮಾಡ್ಬಿಟ್ವೇ?" ಅಂದಳು.

ವಕೀಲರು ಒಂದು ಮಾತು ಮಾತ್ರ ಉಳಿಸಿಕೊಂಡರು. ಬಟ್ಟೆ ನಿಂತವು. ಕೋರ್ಟಿನ ಕರಿಕೋಟುಗಳೆಲ್ಲ ಅವಳ ಗೂಡಿನ ಮುಂದಿನಿಂದಲೇ ಹಾದು ಬೇರೆ ಬೀದಿಯ ಲಾಂಡ್ರಿಗೆ ಹೋದವು. ಪೆಟ್ಟಿಗೆಯಲ್ಲಿ ಕೆಂಡ ಹಾಕುವುದಕ್ಕೂ ಕೆಲಸವಿಲ್ಲ. ಅಕ್ಕ ಖಾಲಿ ಹಲಗೆಯನ್ನೇ ಒರೆಸಿದಳು, ಮತ್ತೆ ಒರೆಸಿದಳು. ಕ್ಷೌರದವನು ತನ್ನ ಅಂಗಡಿಯ ಟವಲುಗಳನ್ನೆಲ್ಲ ತಂದು ಕೊಟ್ಟ. "ಟವಲಿಗೆ ಯಾರು ಇಸ್ತ್ರಿ ಹಾಕ್ತಾರೋ?" ಎಂದಳು ಅಮ್ಮ. "ಇವತ್ತಿಂದ ನಾನು," ಎಂದ.

ಜೈಲಿನ ಜಾಲರಿಯಾಚೆ ಕಪ್ಪೆ ಬಲಗಿವಿ ತಿರುಗಿಸಿ ನಿಂತ. ಅಕ್ಕ ಎಲ್ಲ ಹೇಳಿದಳು.

"ಇನ್ನು ನಂಗೆ ವಕೀಲ್ರು ಇಲ್ವಾ?"

"ಇದಾರೆ. ಅವರು ಹೋಗ್ತೀನಿ ಅಂತಾರೆ, ನಾವು ಬಿಡಲ್ಲ ಅಂತೀವಿ."

"ಅವರು ಹೇಗಿದಾರಕ್ಕ? ದಪ್ಪನಾ?" ತನ್ನ ವಕೀಲರನ್ನು ಅವನು ನೋಡಿಯೇ ಇರಲಿಲ್ಲ. ಅಕ್ಕನಿಗೆ ನಗು ಬಂತು. ನಗು ಬಾಯಿಗೆ ಬರುವಷ್ಟರಲ್ಲಿ ಬೇರೆ ಏನೋ ಆಗಿ ಹೋಯಿತು. ಅವಳು ಮುಖ ಆಚೆ ತಿರುಗಿಸಿದಳು.

ವಿಚಾರಣೆಯ ದಿನ ಕೋರ್ಟಿನ ಹಾಲು ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ಬಸ್ಸಿನ ಯಜಮಾನರ ಮಗ, ಬಿಳಿ ಅಂಗಿಯಲ್ಲಿ. ಅಕ್ಕ, ಅಮ್ಮ ಕೊನೆಯ ಬೆಂಚಿನಲ್ಲಿ. ಕಟಕಟೆಯಲ್ಲಿ ಕಪ್ಪೆ, ಕೈಗೆ ಬೇಡಿ, ಆಚೀಚೆ ಇಬ್ಬರು ಪೇದೆಗಳು. ಜಡ್ಜಮ್ಮ ವಯಸ್ಸಾದ ಹೆಂಗಸು. ಆವತ್ತು ಅವರಿಗೆ ಹಲ್ಲುನೋವು. ಕೆನ್ನೆಯ ಮೇಲೆ ಕೈಯಿಟ್ಟುಕೊಂಡೇ ಬಂದರು, ಇಟ್ಟುಕೊಂಡೇ ಕೂತರು, ಲೋಕದ ಎಲ್ಲ ಅಪರಾಧಗಳಿಗೂ ಅದೇ ಹಲ್ಲು ಕಾರಣ ಎಂಬಂತೆ ಎಲ್ಲರನ್ನೂ ನೋಡಿದರು.

"ರುಜು ಎಲ್ಲಿ?" ಎಂದರು ಹಾಳೆ ನೋಡಿ. "ಆರೋಪಿಯ ರುಜು ಇಲ್ಲದೆ ಹೇಗೆ ಬಿಡ್ತೀರಿ ವಕೀಲರೇ? ಕಾರಣ ಹೇಳಿ."

ದೊಡ್ಡ ವಕೀಲರು ಎದ್ದರು. ಅಪ್ಪನ ಗೌನನ್ನೇ ಹಾಕಿಕೊಂಡಿದ್ದರು. ಅಕ್ಕನ ಕೈಗೆ ಕೊಡದೆ ಗುಮಾಸ್ತನ ಕೈಲಿ ತೇಪೆ ಹಾಕಿಸಿದ್ದರು. ಗುಮಾಸ್ತ ಹಳೆಯ ಛತ್ರಿಯ ಬಟ್ಟೆ ಅಂಟಿಸಿದ್ದ. ಬೆನ್ನಿನ ಮೇಲೆ ಒಂದು ಇಸ್ತ್ರಿಪೆಟ್ಟಿಗೆ ಮಿರಿಮಿರಿ ಮಿಂಚುತ್ತಿತ್ತು. ಹಿಂದಿನ ಬೆಂಚಿನವರು ಒಬ್ಬರನ್ನೊಬ್ಬರು ತಿವಿದರು.

ವಕೀಲರು ಎರಡೂ ಕೈ ಅಗಲಿಸಿ, ಹೊಟ್ಟೆಯಾಳದಿಂದ ಉಸಿರೆಳೆದುಕೊಂಡು ಶುರುಮಾಡಿದರು.

"ಸತ್ಯಕ್ಕೆ ತಲೆಬಾಗಿಯೇ ಬೆಳೆದವನು ನಾನು! ಬಡವನ ಕಣ್ಣೀರೇ ನನ್ನ..."

"ಯಜಮಾನ್ರು!"

ಕಟಕಟೆಯಿಂದ ಬಂದ ಕೂಗು. ಕಪ್ಪೆ ಬಲಗಿವಿಯನ್ನು ವಕೀಲರ ಕಡೆ ಚಾಚಿ, ಕಣ್ಣರಳಿಸಿ ನಿಂತಿದ್ದ. "ಯಜಮಾನ್ರು ಬದುಕಿದಾರೆ! ಅಮ್ಮಾವ್ರೇ, ಯಜಮಾನ್ರು ಸತ್ತಿಲ್ಲ! ಇಲ್ಲೇ ಇದಾರೆ ನೋಡಿ!"

ಹಾಲಿನಲ್ಲಿ ಗಲಿಬಿಲಿಯಾಯಿತು. ಎಲ್ಲರೂ ಬಾಗಿಲ ಕಡೆ ನೋಡಿದರು. ಅಪ್ಪ ಬದುಕಿದ್ದಾರೆ ಎಂದರೆ ಮಗನಾದವನಿಗೆ ಸಂತೋಷವಾಗಬೇಕು. ಬಿಳಿ ಅಂಗಿಯವನ ಮುಖ ಅಂಗಿಗಿಂತ ಬೆಳ್ಳಗಾಯಿತು.

"ಹುಚ್ಚನ ನಾಟಕ!" ಎಂದರು ಸರ್ಕಾರಿ ವಕೀಲರು.

"ಬಾಯಿ ಮುಚ್ಚು!" ಎಂದರು ಜಡ್ಜಮ್ಮ, ಕೆನ್ನೆ ಒತ್ತಿ ಹಿಡಿದು. ಪೇದೆಗಳು ಕಪ್ಪೆಯ ಭುಜ ಹಿಡಿದು ಕೂರಿಸಲು ಜಗ್ಗಿದರು.

ಅಕ್ಕ ಎದ್ದು ನಿಂತಳು. ಎದ್ದದ್ದು ಅವಳಿಗೇ ಗೊತ್ತಿರಲಿಲ್ಲ.

"ಅವನನ್ನ ಕೇಳಿ!"

"ಯಾರದು?"

"ಅವನ ಅಕ್ಕ, ಅಮ್ಮಾವ್ರೇ."

"ಇಲ್ಲಿ ಹಾಗೆಲ್ಲ ಮಾತಾಡೋ ಹಾಗಿಲ್ಲ. ಹೇಳೋದಿದ್ರೆ ವಕೀಲರ ಮೂಲಕ ಹೇಳು."

"ಆ ವಕೀಲರೇ ಓಡ್ತಿದಾರಲ್ಲ ಅಮ್ಮಾವ್ರೇ. ಯಾರ ಮೂಲಕ ಹೇಳ್ಲಿ?"

ಯಾರೋ ನಕ್ಕರು. ಹೆಣ್ಣು ಪೇದೆಯೊಬ್ಬಳು ಬಂದು ಅಕ್ಕನ ತೋಳು ಹಿಡಿದಳು. ಹಳೆಯ ಸುಟ್ಟ ಗಾಯದ ಮೇಲೇ ಹಿಡಿದಳು. ಅಕ್ಕ ಇನ್ನೊಂದು ಕೈಯಿಂದ ಬೆಂಚನ್ನು ಹಿಡಿದುಕೊಂಡಳು. ಕಬ್ಬಿಣದ ಪೆಟ್ಟಿಗೆ ಎತ್ತಿ ಇಳಿಸಿದ ಕೈ. ಪೇದೆ ಎಳೆದಳು. ಬೆಂಚು ಅಲುಗಿತು, ಬೆಂಚಿನ ಮೇಲೆ ಕೂತ ಜನ ಅಲುಗಿದರು, ಅಕ್ಕ ಅಲುಗಲಿಲ್ಲ.

"ಬೇಕಾದ್ರೆ ನನ್ನನ್ನೂ ಒಳಗೆ ಹಾಕಿ. ಆದ್ರೆ ಅವನನ್ನ ಒಂದ್ಸಲ ಕೇಳಿ. ಪೊಲೀಸ್ನೋರು ಅವನ ಬಗ್ಗೆ ಹೇಳಿದ್ರು. ಟಿವಿಯೋರು ಹೇಳಿದ್ರು. ಈ ವಕೀಲ್ರು ಮೆಟ್ಲ ಮೇಲೆ ನಿಂತು ದಿನಾ ಹೇಳಿದ್ರು. ಅವನನ್ನ ಯಾರೂ ಕೇಳ್ಲಿಲ್ಲ. ಯಾರೂ! ನಾನು ಇಲ್ಲಿಂದ ಹೋಗಲ್ಲ."

ಹೊರಗೆ ಒಂದು ಬಸ್ಸು ಹಾರ್ನ್ ಮಾಡಿತು. ಜಡ್ಜಮ್ಮ ಕಪ್ಪೆಯ ಕಡೆ ತಿರುಗಿದರು. ಕರುಣೆಯಿಂದಲ್ಲ. ಇವಳನ್ನು ಎಳೆಸುವುದಕ್ಕಿಂತ ಅವನನ್ನು ಕೇಳುವುದೇ ಬೇಗ ಮುಗಿಯುತ್ತದೆ ಎಂಬ ಲೆಕ್ಕದಿಂದ.

"ಏನಯ್ಯ, ಏನದು ಯಜಮಾನ್ರು ಅಂದದ್ದು?"

ಕಪ್ಪೆ ಎದ್ದ. "ಅವತ್ತು ತೊಟ್ಟಿ ಒಳಗಿದ್ನಲ್ಲ ಅಮ್ಮಾವ್ರೇ. ಯಜಮಾನ್ರು ತಾರಸಿ ಮೇಲೆ ಬಂದು ಕೂಗೋಕೆ ಶುರು ಮಾಡಿದ್ರು. ಮುಖ ನೋಡಿಲ್ಲ. ಗಂಟ್ಲು ಇದೇ. ತೊಟ್ಟಿ ಒಳಗೆ ಗಂಟೆ ಬಡಿದಂಗೆ ಕೇಳತ್ತೆ, ಮರೆಯಕ್ಕಾಗಲ್ಲ."

"ಯಾರ ಜೊತೆ ಜಗಳ ಆಡ್ತಿದ್ರು?"

"ಜಗಳ ಅಲ್ಲ. ಒಬ್ರೇ. 'ಈ ಪ್ರಶಸ್ತಿ ನನ್ನದಲ್ಲ! ಈ ನಾಡಿನ ಕಟ್ಟಕಡೆಯ ಬಡವನದು!' ಅಂದ್ರು. ಆಮೇಲೆ ಅತ್ರು. ಆಮೇಲೆ 'ಛೇ, ಜಾಸ್ತಿಯಾಯ್ತು' ಅಂತ ತಮಗೆ ತಾವೇ ಅಂದ್ಕೊಂಡು, ಇನ್ನೊಂದ್ಸಲ ಸ್ವಲ್ಪ ಕಮ್ಮಿ ಅತ್ರು."

ಕಪ್ಪೆ ಅಳುವಿನ ಎರಡೂ ಅಳತೆ ಮಾಡಿ ತೋರಿಸಿದ. ವಕೀಲರ ಕಿವಿ ಕೆಂಪಾಯಿತು.

"ಮತ್ತೆ ಬೈದ್ರು ಅಂತ ಪೊಲೀಸರ ಮುಂದೆ ಹೇಳಿದ್ದೀಯ?"

"ಬೈದ್ರು ಅಮ್ಮಾವ್ರೇ. ಮಾವನಿಗೆ. 'ಆ ಜಿಪುಣ ಮುದುಕನ ಹೆಸರೂ ಹೇಳ್ಬೇಕಲ್ಲ, ಗ್ರಹಚಾರ! ಹೇಳ್ದಿದ್ರೆ ಇವಳು ರಾತ್ರಿಯೆಲ್ಲ ಬಾಯಿಬಡ್ಕೋತಾಳೆ' ಅಂತ..."

"ಆಕ್ಷೇಪಣೆ!" ದೊಡ್ಡ ವಕೀಲರು ಮೇಜು ಗುದ್ದಿದರು. "ಇದು ನನ್ನ ಖಾಸಗಿ ವಿಷಯ! ನನ್ನ ಮನೆ ತಾರಸಿ ಮೇಲೆ ನನ್ನ ಭಾಷಣ ನಾನು ಅಭ್ಯಾಸ ಮಾಡಿದ್ರೆ ಇವನ್ಯಾರು ಕದ್ದು ಕೇಳೋಕೆ..."

ಅಲ್ಲಿಗೆ ನಿಂತರು. ಮಾತು ನಿಂತಿತು, ಬಾಯಿ ತೆರೆದೇ ಇತ್ತು.

ಜಡ್ಜಮ್ಮ ಮೊದಲ ಬಾರಿಗೆ ಕೆನ್ನೆಯಿಂದ ಕೈ ತೆಗೆದರು. "ಯಾವತ್ತು ಅಭ್ಯಾಸ ಮಾಡಿದ್ರಿ?"

"ಅದು... ಸನ್ಮಾನದ ದಿನ ಬೆಳಿಗ್ಗೆ."

"ಆ ಸನ್ಮಾನಕ್ಕೆ ನಾನೂ ಬಂದಿದ್ದೆ. ಶುರುವಾಗೋ ಮುಂಚೆ ನೀವೇ ನಮ್ಮನ್ನೆಲ್ಲ ಎಬ್ಬಿಸಿ ನಿಲ್ಲಿಸಿದ್ರಿ. ಬೆಳಿಗ್ಗೆಯಷ್ಟೇ ಕೊಲೆಯಾದ ನೆರೆಮನೆಯವರಿಗೆ ಮೌನ ಆಚರಿಸಿ ಅಂತ." ಜಡ್ಜಮ್ಮ ಮುಂದಕ್ಕೆ ಬಾಗಿದರು. "ಸಂಜೆಯ ಹೊತ್ತಿಗೆ ಇವನು ಲಾಕಪ್ಪಿನಲ್ಲಿದ್ದ. ಭಾಷಣ ಎಲ್ಲಿ ಕೇಳಿದ ಹಾಗಾದ್ರೆ?"

ಉತ್ತರ ಎಲ್ಲರಿಗೂ ಗೊತ್ತಾಗಿತ್ತು. ಗೊತ್ತಾಗದೆ ಉಳಿದವನು ಕಪ್ಪೆಯೊಬ್ಬನೇ. ಅವನು ವಕೀಲರನ್ನು ನೋಡಿದ, ಅಕ್ಕನನ್ನು ನೋಡಿದ, ತನ್ನ ಸುಲಿದ ಅಂಗೈ ನೋಡಿಕೊಂಡ.

"ಅಕ್ಕಾ," ಎಂದ ಮೆಲ್ಲಗೆ, "ಹಾಗಾದ್ರೆ ನಾನು ತೊಳೆದದ್ದು ಯಾರ ತೊಟ್ಟಿ?"

"ಇವರದ್ದೇ ಕಣೋ!" ಅಮ್ಮ ಬೆಂಚಿನ ಮೇಲೆ ಹತ್ತಿ ನಿಂತಿದ್ದಳು. "ತಪ್ಪು ಗೇಟಿಗೆ ಹೋಗಿದ್ಯಲ್ಲೋ ಮಂಕೇ! ಪುಕ್ಕಟೆ ತೊಳೆಸ್ಕೊಂಡು, ಇಷ್ಟು ತಿಂಗಳಿಂದ ಆ ನೀರೇ ಕುಡೀತಿದಾರಲ್ಲೋ!"

ನಗು ಹಾಲಿನ ಹಿಂದಿನಿಂದ ಶುರುವಾಗಿ ಮುಂದಕ್ಕೆ ಉರುಳಿತು. ಗುಮಾಸ್ತ ನಕ್ಕ. ಪೇದೆಗಳು ಟೋಪಿ ಮುಖಕ್ಕೆ ಎಳೆದುಕೊಂಡು ನಕ್ಕರು. ಅಕ್ಕ ನಗಲಿಲ್ಲ. ಎಡಗಿವಿಯ ಏಟು, ಇಷ್ಟು ದಿನದ ಕತ್ತಲೆ, ಎಲ್ಲವೂ ಒಂದು ಪ್ರಶ್ನೆ ಕೇಳಿದ್ದರೆ ತಪ್ಪುತ್ತಿತ್ತು. ವಕೀಲರು ಜೈಲಿಗೆ ಒಂದು ಸಲ ಹೋಗಿ ಗಂಟಲು ಸರಿಮಾಡಿಕೊಂಡಿದ್ದರೂ ಸಾಕಿತ್ತು.

"ಯಜಮಾನರ ತಾರಸಿಯ ತೊಟ್ಟಿ ತೆರೆದು ನೋಡಿದ್ದೀರಾ?" ಜಡ್ಜಮ್ಮ ಇನ್ಸ್‌ಪೆಕ್ಟರನ್ನು ಕೇಳಿದರು.

"ಅದು... ಮೇಲಿರತ್ತೆ ಮೇಡಂ."

"ತೊಟ್ಟಿ ಎಲ್ಲರ ಮನೇಲೂ ಮೇಲೇ ಇರತ್ತೆ. ಈಗ್ಲೇ ಹೋಗಿ ಹತ್ತಿ. ವರ್ಷಗಳ ಹಳೇ ಪಾಚಿ ಹಾಗೇ ಇದ್ರೆ ಇವನು ಆ ಮನೆಗೆ ಕಾಲಿಟ್ಟಿಲ್ಲ." ಹಾಗೆ ಹೇಳುತ್ತ ಜಡ್ಜಮ್ಮ ಬಿಳಿ ಅಂಗಿಯವನನ್ನು ನೋಡಿದರು. ಅವನು ಬಾಗಿಲ ಹತ್ತಿರ ಹೋಗಿಬಿಟ್ಟಿದ್ದ. "ನೀವೂ ಕೂತಿರಿ. ಯಾರೂ ಹೋಗೋ ಹಾಗಿಲ್ಲ."

ದೊಡ್ಡ ವಕೀಲರು ಕಾಗದ ಜೋಡಿಸಿಕೊಳ್ಳುತ್ತಿದ್ದರು. "ಮಾನ್ಯರೇ, ಅಂತೂ ನಾನು ಹಿಂದೆ ಸರಿಯುವ ಅರ್ಜಿ..."

"ಮಂಜೂರು," ಎಂದರು ಜಡ್ಜಮ್ಮ. "ಈ ಕೇಸಲ್ಲಿ ನೀವಿನ್ನು ವಕೀಲರಾಗಿರೋಕೆ ಸಾಧ್ಯವೇ ಇಲ್ಲ. ಇವನಿಗೆ ಬೇರೆ ವಕೀಲರನ್ನ ಇವತ್ತೇ ಕೋರ್ಟು ಕೊಡತ್ತೆ." ವಕೀಲರು ತಲೆಬಾಗಿ ಹೊರಡಲು ತಿರುಗಿದರು. "ಆ ಕಡೆ ಅಲ್ಲ, ಈ ಕಡೆ ಬನ್ನಿ." ಜಡ್ಜಮ್ಮ ಸಾಕ್ಷಿ ಹೇಳುವವರು ನಿಲ್ಲುವ ಕಟ್ಟೆ ತೋರಿಸಿದರು. "ಅವತ್ತು ನಿಮ್ಮ ತಾರಸಿ ಮೇಲೆ ಎಷ್ಟು ಹೊತ್ತಿನ ತನಕ ಇದ್ರಿ, ಏನೇನು ಮಾತಾಡಿದ್ರಿ, ಎಲ್ಲ ಹೇಳಿ. ಮಾವನ ವಿಷಯವೂ ಸೇರಿ."

ವಕೀಲರು ಕಟ್ಟೆ ಹತ್ತಿದರು. ಸತ್ಯವನ್ನೇ ಹೇಳುತ್ತೇನೆ ಎಂದು ಪ್ರಮಾಣ ಮಾಡಿ ಎಂದ ಕೋರ್ಟಿನವನು. ವಕೀಲರ ತುಟಿ ಅಲುಗಿತು. ಧ್ವನಿ ಬರಲಿಲ್ಲ. ಜಡ್ಜಮ್ಮ ಮತ್ತೆ ಹೇಳಿ ಎಂದರು. ಗಾಳಿ ಮಾತ್ರ ಬಂತು.

ಕಟಕಟೆಯಲ್ಲಿ ಬೇಡಿಯ ಕೈ ಮೇಲೆತ್ತಿ ಕಪ್ಪೆ ಬಲಗಿವಿಯನ್ನು ಮುಂದೆ ಚಾಚಿದ.

"ಜೋರಾಗಿ ಹೇಳಿ ಸಾರ್," ಎಂದ. "ಅವತ್ತು ಯಾರೂ ಇಲ್ಲ ಅಂದ್ಕೊಂಡು ಹೇಳಿದ್ರಲ್ಲ, ಹಾಗೆ."